ಗೋಡೆಯಿಂದ ಇಳಿದ ಹುಲಿ

ಹಳೆಯ ಕಾಗದ: ಓದುಗರ ಪ್ರಶ್ನೆ, ಮುದ್ರಕನ ಉತ್ತರ

ಕಳೆದ ಸಂಚಿಕೆಯಲ್ಲಿ ಫ್ರಾನ್ಸಿನ ಹಳೆಯ ಸರ್ಕಸ್ ಪೋಸ್ಟರ್‌ಗಳ ಬಗ್ಗೆ ಒಂದು ಪುಟ ಬರೆದಿದ್ದೆ. ಜೊತೆಗೆ ನಮ್ಮ ಮನೆಯಲ್ಲಿರುವ ಪಿಂಡರ್ ಸರ್ಕಸ್ಸಿನ ಹುಲಿ ಪೋಸ್ಟರಿನ ಫೋಟೋ ಇತ್ತು. ಆ ಹುಲಿ ಇಷ್ಟು ಕಾಗದ ತರಿಸುತ್ತದೆ ಅಂದುಕೊಂಡಿರಲಿಲ್ಲ. ಕೆಲವು ಪ್ರಶ್ನೆಗಳನ್ನು ಆರಿಸಿದ್ದೇನೆ. ಒಂದೇ ಪ್ರಶ್ನೆಯನ್ನು ನಾಲ್ಕು ಜನ ಕೇಳಿದ್ದರೆ ಒಬ್ಬರ ಊರಿನ ಹೆಸರು ಮಾತ್ರ ಹಾಕಿದ್ದೇನೆ, ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ನಮ್ಮಲ್ಲೇ ನಾಟಕ, ಸಿನಿಮಾ ಪೋಸ್ಟರ್ ಬೇಕಾದಷ್ಟಿರುವಾಗ ನಿಮಗೆ ಫ್ರಾನ್ಸಿನ ಹುಲಿ ಯಾಕೆ ಬೇಕಾಯ್ತು ಸಾರ್? (ಓದುಗರು, ಬಳ್ಳಾರಿ)

ಬೇಕು ಅಂತ ಹುಡುಕಿಕೊಂಡು ಹೋದವನಲ್ಲ. ಮೈಸೂರಿನ ಒಂದು ಪ್ರೆಸ್ಸಿನಲ್ಲಿ 31 ವರ್ಷ ಆಫ್‌ಸೆಟ್ ಮೆಷಿನ್ ನಡೆಸಿದೆ. ಲಗ್ನಪತ್ರಿಕೆ, ಚುನಾವಣೆ ಪೋಸ್ಟರ್, ಊದುಬತ್ತಿ ಲೇಬಲ್ಲು, ಎಲ್ಲ ಹೊಡೆದಿದ್ದೇನೆ. ರಿಟೈರ್ ಆದ ಮೇಲೆ ಲಿಯೋನ್ ನಗರದಲ್ಲಿರುವ ಮಗಳ ಮನೆಗೆ ಹೋದೆ. ಅಲ್ಲಿ ಭಾನುವಾರ ಜನ ತಮ್ಮ ಅಟ್ಟದ ಸಾಮಾನೆಲ್ಲ ಬೀದಿಗೆ ತಂದು ಹರಡುತ್ತಾರೆ. ಒಡೆದ ಕೆಟಲ್, ಹಳೆ ಸ್ಕೀ, ಯಾರದೋ ಮದುವೆ ಆಲ್ಬಮ್. ಅದರ ನಡುವೆ ಮಡಚಿಟ್ಟ ಒಂದು ದಪ್ಪ ಕಾಗದ. ಬಿಡಿಸಿದರೆ ಹುಲಿ! ಹದಿನೈದು ಯೂರೋ ಕೊಟ್ಟೆ.

ನನ್ನನ್ನು ಹಿಡಿದದ್ದು ನಿಜವಾಗಿ ಹುಲಿಯಲ್ಲ. ಪೋಸ್ಟರಿನ ಮೇಲೆ ಒಂದು ಖಾಲಿ ಪಟ್ಟಿ ಇತ್ತು. ಅದರ ಮೇಲೆ ಬೇರೆ ಕಾಗದ ಅಂಟಿಸಿ, ವಿಯೆನ್ ಅನ್ನುವ ಊರಿನ ಹೆಸರು, ಶುಕ್ರವಾರ, ಆಟದ ಸಮಯ ಹಾಕಿದ್ದರು. ಹುಲಿ ಒಂದೇ, ಊರು ನೂರು. ನಾಟಕ ಕಂಪನಿಗಳಿಗೆ ನಾವು ಹೊಡೆದುಕೊಡುತ್ತಿದ್ದದ್ದೂ ಹೀಗೇ ಅಲ್ವಾ? ಮೇಲೆ ನಾಯಕಿಯ ಮುಖ, ಕೆಳಗೆ ಖಾಲಿ ಜಾಗ. ಕ್ಯಾಂಪು ಎಲ್ಲಿ ಬೀಳುತ್ತದೋ ಅಲ್ಲಿಯ ಸಣ್ಣ ಪ್ರೆಸ್ಸಿನಲ್ಲಿ ಊರಿನ ಹೆಸರು ಹೊಡೆಸಿಕೊಳ್ಳುತ್ತಿದ್ದರು. ಆ ಪಟ್ಟಿ ನೋಡಿದ ಕೂಡಲೇ ಇದು ನಮ್ಮ ಜನರ ಕೆಲಸ ಅನ್ನಿಸಿತು.

ಮನೆಯಾಕೆ ಹುಲಿಯನ್ನು ಹಾಲ್ ಗೋಡೆಗೆ ಹಾಕಲು ಬಿಡಲಿಲ್ಲ. ಈಗ ಅದು ಮೆಟ್ಟಿಲ ಕೆಳಗಿದೆ. ಕತ್ತಲಲ್ಲಿ ಇರುವುದು ಅದಕ್ಕೂ ಒಳ್ಳೆಯದೇ. ಕಾರಣ ಮುಂದೆ ಹೇಳುತ್ತೇನೆ.

ಆನ್‌ಲೈನಿನಲ್ಲಿ 1,200 ರೂಪಾಯಿಗೆ ಕಪ್ಪು ಬೆಕ್ಕಿನ ಫ್ರೆಂಚ್ ಪೋಸ್ಟರ್ ತರಿಸಿದ್ದೇನೆ. ‘1896 ವಿಂಟೇಜ್’ ಎಂದು ಬರೆದಿದ್ದಾರೆ. ಅಸಲಿಯೇ? (ಓದುಗರು, ಹುಬ್ಬಳ್ಳಿ)

ಅಲ್ಲ ಅಮ್ಮಾ. ಬೆಕ್ಕು ಚೆನ್ನಾಗಿದ್ದರೆ ಗೋಡೆಗೆ ಹಾಕಿಕೊಳ್ಳಿ, ತಪ್ಪೇನಿಲ್ಲ. ಆದರೆ 1896 ಅನ್ನುವುದು ಚಿತ್ರ ಹುಟ್ಟಿದ ವರ್ಷ, ನಿಮ್ಮ ಕಾಗದ ಹುಟ್ಟಿದ ವರ್ಷವಲ್ಲ.

ಅದು ಸ್ಟೈನ್‌ಲೆನ್ ಎಂಬ ಕಲಾವಿದ ಪ್ಯಾರಿಸ್ಸಿನ ‘ಶಾ ನ್ವಾರ್’, ಅಂದರೆ ಕಪ್ಪು ಬೆಕ್ಕು ಎಂಬ ಕ್ಯಾಬರೆಯ ಪ್ರವಾಸಕ್ಕೆ ಬರೆದದ್ದು. ಅದರ ಯಜಮಾನ ರೊಡಾಲ್ಫ್ ಸಾಲಿಸ್ ಮರುವರ್ಷವೇ ತೀರಿಕೊಂಡ, ಕ್ಯಾಬರೆಯೂ ಮುಚ್ಚಿತು. ಬೆಕ್ಕು ಮಾತ್ರ ಕಾಫಿ ಕಪ್ಪು, ಬಟ್ಟೆ ಚೀಲ, ಫ್ರಿಜ್ ಮ್ಯಾಗ್ನೆಟ್ ಅಂತ ಲೋಕವೆಲ್ಲ ಸುತ್ತುತ್ತಿದೆ.

ಪರೀಕ್ಷೆ ಸುಲಭ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ತೆಗೆದುಕೊಳ್ಳಿ, ಬಣ್ಣ ತಿಳಿಯಾಗಿರುವ ಜಾಗದಲ್ಲಿ ಇಟ್ಟು ನೋಡಿ. ಸಾಲುಸಾಲಾಗಿ, ಪುಟ್ಟ ಹೂವಿನ ಹಾಗೆ ಸುತ್ತಿಕೊಂಡ ಚುಕ್ಕಿಗಳು ಕಂಡರೆ ಅದು ಆಫ್‌ಸೆಟ್, ಅಂದರೆ ನಮ್ಮ ಕಾಲದ ಮೆಷಿನ್ ಅಚ್ಚು. ಕಲ್ಲಿನ ಮೇಲೆ ಕೈಯಿಂದ ಬಿಡಿಸಿ ಒತ್ತಿದ ಕಲ್ಲಚ್ಚಿನಲ್ಲಿ ಚುಕ್ಕಿಗಳು ಹಟಮಾರಿ ಮಕ್ಕಳ ಹಾಗೆ, ಒಂದು ದಪ್ಪ ಒಂದು ಸಣ್ಣ, ಯಾವ ಸಾಲಿಗೂ ನಿಲ್ಲುವುದಿಲ್ಲ. ಕೆಲವು ಕಡೆ ಕ್ರೇಯಾನ್ ಎಳೆದಂತಿರುತ್ತದೆ. ಅಭ್ಯಾಸ ಮಾಡಬೇಕೆಂದರೆ ಅಜ್ಜಿ ಮನೆಯ ರವಿವರ್ಮ ಪ್ರೆಸ್ಸಿನ ಹಳೇ ಲಕ್ಷ್ಮಿಯ ಮುಖದ ಮೇಲೆ ಲೂಪ್ ಇಡಿ. ಅದೂ ಕಲ್ಲಚ್ಚೇ. ಆಮೇಲೆ ಈ ವರ್ಷದ ಕ್ಯಾಲೆಂಡರ್ ಲಕ್ಷ್ಮಿಯನ್ನು ನೋಡಿ. ವ್ಯತ್ಯಾಸ ಜನ್ಮದಲ್ಲಿ ಮರೆಯುವುದಿಲ್ಲ.

ಇಷ್ಟೆಲ್ಲ ಹೇಳುವ ನಾನೇ ಮೋಸ ಹೋಗಿದ್ದೇನೆ. ಪ್ಯಾರಿಸ್ಸಿನ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಲೋಯಿ ಫುಲ್ಲರ್ ಪೋಸ್ಟರ್ ಕಂಡಿತು. ಅಮೆರಿಕದ ನರ್ತಕಿ. ರೇಷ್ಮೆ ಬಟ್ಟೆ ಬೀಸುತ್ತ, ಅದರ ಮೇಲೆ ಬಣ್ಣದ ದೀಪ ಬಿಡಿಸಿಕೊಂಡು ಕುಣಿಯುತ್ತಿದ್ದಳು. ಫೋಲಿ ಬೆರ್ಜೇರ್ ಎಂಬ ಮ್ಯೂಸಿಕ್ ಹಾಲಿಗಾಗಿ ಪೋಸ್ಟರ್ ಕಲಾವಿದ ಜೂಲ್ ಶೆರೆ 1893ರಲ್ಲಿ ಬರೆದದ್ದು. ದೀಪದ ಬಣ್ಣ ಬದಲಾಗುವಂತೆ ಪೋಸ್ಟರನ್ನೂ ನಾಲ್ಕು ಬೇರೆ ಬೇರೆ ಬಣ್ಣಗಳಲ್ಲಿ ಅಚ್ಚು ಹಾಕಿಸಿದ್ದ. ಆ ಬುದ್ಧಿಗೆ ನಾನು ಕರಗಿಹೋಗಿದ್ದೆ. ಅಂಗಡಿಯವನು ಅಸಲಿ ಅಂದ. 180 ಯೂರೋ ಎಣಿಸಿದೆ. ಲೂಪ್ ಎಲ್ಲಿತ್ತು? ಮೈಸೂರಿನಲ್ಲಿ, ಬೀರುವಿನೊಳಗೆ.

ರಾತ್ರಿ ಮಗಳು ಫೋನಿನ ಕ್ಯಾಮೆರಾದಲ್ಲಿ ಜೂಮ್ ಮಾಡಿ, “ಅಪ್ಪಾ, ಈ ಚುಕ್ಕಿ ನಿಮಗೆ ಗೊತ್ತಿರೋದೇ ಅಲ್ವಾ?” ಅಂದಳು. 31 ವರ್ಷ ಆ ಚುಕ್ಕಿಗಳನ್ನು ನೋಡಿಯೇ ಅನ್ನ ತಿಂದವನು ನಾನು. ಚುಕ್ಕಿ ಹೋಗಲಿ, ಅಳತೆಯಾದರೂ ನೋಡಬೇಡವೇ? ಮೂಲ ಪೋಸ್ಟರ್ ಸುಮಾರು ನಾಲ್ಕು ಅಡಿ ಎತ್ತರ. ನಾನು ಕೊಂಡದ್ದು ಸೊಂಟದವರೆಗೂ ಬರುತ್ತಿರಲಿಲ್ಲ. ಆದ್ದರಿಂದ ಅಳತೆ ಮೊದಲು, ಲೂಪ್ ಆಮೇಲೆ, ದುಡ್ಡು ಕೊನೆಗೆ.

ಒಂದು ಎಚ್ಚರಿಕೆ. 1950ರ ನಂತರದ ಸರ್ಕಸ್ ಪೋಸ್ಟರಿನಲ್ಲಿ ಆಫ್‌ಸೆಟ್ ಚುಕ್ಕಿ ಕಂಡರೆ ಖೋಟಾ ಅಂತ ಕೂಗಬೇಡಿ. ಅಷ್ಟರಲ್ಲಿ ಅಲ್ಲಿಗೂ ಆಫ್‌ಸೆಟ್ ಬಂದಿತ್ತು.

ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಅಷ್ಟು ದೊಡ್ಡ ಬಣ್ಣದ ಪೋಸ್ಟರ್ ಹೇಗೆ ಮಾಡುತ್ತಿದ್ದರು? (ಕಲಾ ವಿದ್ಯಾರ್ಥಿನಿ, ಮಂಗಳೂರು)

ಮಂಗಳೂರಿನವರೇ ಕೇಳಿದಿರಿ, ಸಂತೋಷ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ನಿಮ್ಮೂರಿನಲ್ಲೇ ಬಂದದ್ದು, ಅದು ಕಲ್ಲಚ್ಚು. ಪ್ಯಾರಿಸ್ಸಿನ ಪೋಸ್ಟರಿಗೂ ಅದಕ್ಕೂ ಸೂತ್ರ ಒಂದೇ: ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲ.

ಜರ್ಮನಿಯ ಬವೇರಿಯಾದ ಝೋಲ್ನ್‌ಹೋಫೆನ್‌ನಲ್ಲಿ ನುಣುಪಾದ ಸುಣ್ಣದ ಕಲ್ಲು ಸಿಗುತ್ತದೆ. ಅದರ ಮೇಲೆ ಜಿಡ್ಡಿನ ಕ್ರೇಯಾನಿನಿಂದ ಚಿತ್ರ ಬರೆಯಬೇಕು. ಆಮೇಲೆ ಕಲ್ಲನ್ನು ಗೋಂದು, ಆಸಿಡ್ಡಿನಿಂದ ಹದ ಮಾಡಿ ನೀರು ಸವರಿದರೆ ಖಾಲಿ ಜಾಗ ನೀರು ಕುಡಿಯುತ್ತದೆ, ಜಿಡ್ಡಿರುವ ಕಡೆ ನೀರು ನಿಲ್ಲುವುದಿಲ್ಲ. ಎಣ್ಣೆಯ ಇಂಕಿನ ರೋಲರ್ ಹೊರಳಿಸಿದರೆ ಇಂಕು ಜಿಡ್ಡಿಗೆ ಮಾತ್ರ ಅಂಟುತ್ತದೆ. ಮೇಲೆ ಕಾಗದ ಇಟ್ಟು ಒತ್ತಿದರೆ ಮುಗಿಯಿತು. ಚಿತ್ರ ತಿರುಗುಮುರುಗಾಗಿ ಬೀಳುವುದರಿಂದ ಅಕ್ಷರಗಳನ್ನು ಕನ್ನಡಿಯಲ್ಲಿ ನೋಡಿದ ಹಾಗೆ ಬರೆಯಬೇಕು. ಒಂದು ಬಣ್ಣಕ್ಕೆ ಒಂದು ಕಲ್ಲು. ಬಣ್ಣದ ಮೇಲೆ ಬಣ್ಣ ಕೂದಲೆಳೆಯಷ್ಟೂ ಸರಿಯದೆ ಕೂರಬೇಕು. ನಮ್ಮ ಭಾಷೆಯಲ್ಲಿ ರಿಜಿಸ್ಟರ್ ಸಿಗಬೇಕು. ನಾಲ್ಕು ಬಣ್ಣದ ಮೆಷಿನ್ನಿನಲ್ಲೇ ನಾವು ಅದಕ್ಕೆ ಬೆವರು ಸುರಿಸುತ್ತಿದ್ದೆವು. ಇವರು ಆಳೆತ್ತರದ ಕಾಗದಕ್ಕೆ ಮಾಡಿದ್ದಾರೆ.

ಇದರಲ್ಲಿ ಗುರು ಜೂಲ್ ಶೆರೆ. 1836ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದವನು. ಹುಡುಗನಾಗಿದ್ದಾಗಲೇ ಕಲ್ಲಚ್ಚಿನ ಕೆಲಸಕ್ಕೆ ಸೇರಿದ. ಲಂಡನ್ನಿನಲ್ಲಿ ಕೆಲಸ ಕಲಿತು, ಸುಗಂಧದ ವ್ಯಾಪಾರಿ ರಿಮ್ಮೆಲ್‌ಗೆ ಲೇಬಲ್ ಬರೆದುಕೊಟ್ಟು, 1866ರಲ್ಲಿ ಊರಿಗೆ ಮರಳಿ ಸ್ವಂತ ಪ್ರೆಸ್ ಹಾಕಿದ. ಅವನ ಮೊದಮೊದಲ ಯುಕ್ತಿ ನನಗೆ ತುಂಬ ಇಷ್ಟ. ಮೂರೇ ಕಲ್ಲು. ಒಂದು ಕಪ್ಪು ಗೆರೆಗೆ, ಒಂದು ಕೆಂಪಿಗೆ. ಮೂರನೆಯದು ಹಿನ್ನೆಲೆಗೆ, ಮೇಲೆ ತಣ್ಣನೆಯ ಬಣ್ಣ, ಕೆಳಕ್ಕೆ ಬರುತ್ತ ಬೆಚ್ಚನೆಯ ಬಣ್ಣ, ಒಂದೇ ಸಲಕ್ಕೆ. ಮೂರು ಸಲ ಒತ್ತಿದ ಕಾಗದ, ಕಣ್ಣಿಗೆ ಏಳೆಂಟು ಬಣ್ಣ. ಖರ್ಚು ಉಳಿಸಲು ಪ್ರೆಸ್ಸಿನವನು ಹೂಡುವ ಉಪಾಯ ಅದು, ಕಲಾವಿದನಿಗೆ ಹೊಳೆಯುವಂಥದ್ದಲ್ಲ. ಅವನು ಇಬ್ಬರೂ ಆಗಿದ್ದ. ಬದುಕಿನಲ್ಲಿ ಸಾವಿರಕ್ಕೂ ಜಾಸ್ತಿ ಪೋಸ್ಟರ್ ಮಾಡಿದ. ಸರ್ಕಾರ 1890ರಲ್ಲಿ ಲೆಜಿಯೋಂ ದೊನೊರ್ ಪದಕ ಕೊಟ್ಟಿತು. 1932ರಲ್ಲಿ ನೀಸ್ ನಗರದಲ್ಲಿ ತೀರಿಕೊಂಡ. ಕೊನೆಯ ಕಾಲಕ್ಕೆ ಕಣ್ಣು ಹೋಗಿತ್ತು.

ವಾಡೆವಿಲ್ ಅಂದರೆ ಅಮೆರಿಕದ್ದಲ್ಲವೇ? (ಓದುಗರು, ತುಮಕೂರು)

ಪದ ಫ್ರೆಂಚ್. ನೀವು ಹೇಳುವ ಅರ್ಥ, ಅಂದರೆ ಹಾಡು, ಕುಣಿತ, ಆಟಗಳ ಬೆರಕೆ ಪ್ರದರ್ಶನ, ಅಮೆರಿಕದ್ದು. ಫ್ರಾನ್ಸಿನಲ್ಲಿ ವೋದ್‌ವಿಲ್ ಅಂದರೆ ಹಗುರವಾದ ಹಾಸ್ಯ ನಾಟಕ. ಹಾಡು, ಕುಣಿತ, ದೊಂಬರಾಟ, ನಾಯಿಗಳ ಆಟ ಎಲ್ಲ ಒಂದೇ ಸಂಜೆಗೆ ಸಿಗುವ ಜಾಗಕ್ಕೆ ಅಲ್ಲಿ ಕಫೆ-ಕೋನ್ಸೆರ್, ಆಮೇಲೆ ಮ್ಯೂಸಿಕ್ ಹಾಲ್ ಅನ್ನುತ್ತಿದ್ದರು. ಹರಾಜಿನ ಪಟ್ಟಿಗಳಲ್ಲಿ ಹುಡುಕುವಾಗ ಈ ಪದಗಳನ್ನೇ ಹಾಕಿ.

ಮಳೆಯಲ್ಲಿ ಗೋಡೆಗೆ ಅಂಟಿಸಿದ ಕಾಗದ ನೂರಿಪ್ಪತ್ತು ವರ್ಷ ಉಳಿದದ್ದು ಹೇಗೆ? (ಓದುಗರು, ಮಡಿಕೇರಿ)

ಅಂಟಿಸಿದ್ದು ಉಳಿಯಲಿಲ್ಲ. ಅಂಟಿಸದೇ ಇದ್ದದ್ದು, ಕದ್ದದ್ದು ಉಳಿಯಿತು.

1881ರ ಜುಲೈ 29ರ ಕಾನೂನು ಪೋಸ್ಟರ್ ಹಚ್ಚುವವರಿಗೆ ಸ್ವಾತಂತ್ರ್ಯ ಕೊಟ್ಟಿತು. ಇಂದಿಗೂ ಫ್ರಾನ್ಸಿನ ಹಳೇ ಗೋಡೆಗಳ ಮೇಲೆ ‘ಇಲ್ಲಿ ಪೋಸ್ಟರ್ ಹಚ್ಚಬಾರದು’ ಎಂಬ ಮಾತಿನ ಪಕ್ಕ ಅದೇ ದಿನಾಂಕ ಕಾಣುತ್ತದೆ, ನೋಡಿದಾಗಲೆಲ್ಲ ನನಗೆ ನಗು ಬರುತ್ತದೆ. ಆ ಕಾನೂನಿನ ನಂತರ ಪ್ಯಾರಿಸ್ಸಿನ ಗೋಡೆಗಳು ತುಂಬಿಹೋದವು. ಕಲೆಯ ಹುಚ್ಚಿನವರು ರಾತ್ರಿ ಬಂದು ಹಸಿ ಪೋಸ್ಟರ್ ಸುಲಿದರು. ಹಚ್ಚುವವನ ಕೈಗೆ ಚಿಲ್ಲರೆ ತುರುಕಿ ಹೊಸದನ್ನೇ ಇಸಿದುಕೊಂಡರು. ಈ ಹುಚ್ಚಿಗೆ ‘ಅಫಿಶೊಮಾನಿ’ ಅಂತ ಹೆಸರೇ ಬಿತ್ತು. ಎಡ್ಮಂಡ್ ಸಾಗೊ ಎಂಬ ವ್ಯಾಪಾರಿ ಪೋಸ್ಟರುಗಳಿಗೆ ಬೆಲೆಪಟ್ಟಿಯನ್ನೇ ಅಚ್ಚು ಹಾಕಿಸಿದ.

ತುಲೂಸ್-ಲೊತ್ರೆಕ್ ಎಂಬ ಚಿತ್ರಕಾರ ಪ್ಯಾರಿಸ್ಸಿನ ಮೂಲಾಂ ರೂಜ್ ಎಂಬ ನೃತ್ಯಶಾಲೆಗೆ 1891ರಲ್ಲಿ ಬರೆದ ಪೋಸ್ಟರ್ ಗೊತ್ತಿರಬೇಕು, ಲಾ ಗುಲೂ ಎಂಬಾಕೆ ಕಾಲೆತ್ತಿ ಕುಣಿಯುವುದು. ಅದು ಅವನ ಮೊದಲ ಪೋಸ್ಟರ್. ಸುಮಾರು 3,000 ಪ್ರತಿ ಹೊಡೆದರು. ತೀರ ದೊಡ್ಡದಾದ್ದರಿಂದ ಒಂದೇ ಹಾಳೆಯಲ್ಲಿ ಆಗಲಿಲ್ಲ. ಎರಡು ದೊಡ್ಡ ಹಾಳೆ, ಅದರ ನೆತ್ತಿಗೆ ಹೆಸರಿನ ಒಂದು ಕಿರಿದಾದ ಪಟ್ಟಿ. ಉಳಿದಿರುವ ಎಷ್ಟೋ ಪ್ರತಿಗಳಲ್ಲಿ ಆ ನೆತ್ತಿಯ ಪಟ್ಟಿಯೇ ಇಲ್ಲ. ಚಿತ್ರ ಸಾಕು, ಹೆಸರು ಯಾಕೆ ಅಂತ ಯಾರಿಗೋ ಅನ್ನಿಸಿರಬೇಕು.

ಫ್ರೇಮ್ ಅಂಗಡಿಯವರು ಹಳೆಯ ಪೋಸ್ಟರನ್ನು ಲ್ಯಾಮಿನೇಟ್ ಮಾಡಿಸಿ ಎನ್ನುತ್ತಿದ್ದಾರೆ. ನಮ್ಮೂರಿನ ಮಳೆಗೆ ಅದೇ ಒಳ್ಳೆಯದಂತೆ. (ಓದುಗರು, ತೀರ್ಥಹಳ್ಳಿ)

ಬೇಡ! ಈ ಪತ್ರಿಕೆ ತಲುಪುವಷ್ಟರಲ್ಲಿ ಮಾಡಿಸಿಬಿಟ್ಟಿಲ್ಲ ತಾನೇ?

ಲ್ಯಾಮಿನೇಶನ್ ಬಿಸಿ ಅಂಟು. ಒಮ್ಮೆ ಹತ್ತಿದರೆ ಬಿಡಿಸುವಾಗ ಇಂಕೂ ಜೊತೆಗೆ ಬರುತ್ತದೆ. ಹಳೆಯ ಕಾಗದಕ್ಕೆ ಏನೇ ಮಾಡಿದರೂ ಮುಂದೆ ನೀರಿನಲ್ಲಿ ಬಿಡಿಸುವಂತಿರಬೇಕು. ಅದಕ್ಕೇ ಫ್ರಾನ್ಸಿನಲ್ಲಿ ಪೋಸ್ಟರಿನ ಬೆನ್ನಿಗೆ ಗೋಧಿ ಗಂಜಿಯ ಅಂಟಿನಲ್ಲಿ ತೆಳು ಕಾಗದ, ಅದರ ಹಿಂದೆ ಬಟ್ಟೆ ಹಾಕುತ್ತಾರೆ. ನಮ್ಮ ಮನೆಗಳಲ್ಲಿ ಗಾಳಿಪಟಕ್ಕೆ ಮೈದಾ ಅಂಟು ಕಾಯಿಸುತ್ತಿದ್ದೆವಲ್ಲ, ಅದರ ದೊಡ್ಡಮ್ಮ. ಆದರೆ ಇದನ್ನು ಮನೆಯಲ್ಲಿ ಮಾಡಲು ಹೋಗಬೇಡಿ. ನೀರು ತಾಗಿದರೆ ಕೆಲವು ಇಂಕು ಹರಡುತ್ತದೆ. ಕಾಗದ ಸಂರಕ್ಷಣೆ ಕಲಿತವರ ಕೈಗೇ ಕೊಡಿ. ಬೆಂಗಳೂರಿನಲ್ಲಿ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರವಿದೆ, ವಿಚಾರಿಸಿ.

ನಿಮ್ಮೂರಿನ ಮಳೆಗಾಲಕ್ಕೆ ಇಷ್ಟು ಮಾಡಿ. ಪೋಸ್ಟರ್ ಗಾಜಿಗೆ ತಾಗಬಾರದು, ನಡುವೆ ಆಸಿಡ್ ಇಲ್ಲದ ಮೌಂಟ್ ಬೋರ್ಡ್ ಇರಲಿ. ತಾಗಿದರೆ ತೇವಕ್ಕೆ ಇಂಕು ಗಾಜಿಗೆ ಹಿಡಿಯುತ್ತದೆ. ಹೊರಗೋಡೆ ಬೇಡ, ಒಳಗೋಡೆಗೆ ಹಾಕಿ. ಫ್ರೇಮಿನ ನಾಲ್ಕು ಮೂಲೆಗೆ ಹಿಂದುಗಡೆ ಕಾರ್ಕ್ ಬಿಲ್ಲೆ ಅಂಟಿಸಿದರೆ ಗೋಡೆಗೂ ಫ್ರೇಮಿಗೂ ಮಧ್ಯೆ ಗಾಳಿಯಾಡುತ್ತದೆ. ಪ್ಲೈವುಡ್ ಹಿಂಬದಿ ಬೇಡವೇ ಬೇಡ, ಕಂದು ಕಲೆ ಬರುತ್ತದೆ. ಸೆಲೊಟೇಪ್ ಹಚ್ಚಿದವರ ಮನೆಗೆ ನಾನು ಊಟಕ್ಕೂ ಹೋಗುವುದಿಲ್ಲ.

ಬಿಸಿಲು ಇನ್ನೂ ಕೆಟ್ಟದ್ದು. ಪೋಸ್ಟರಿನ ಕಾಗದ ಅಗ್ಗದ್ದು, ನಾಲ್ಕು ವಾರ ಬಾಳಿದರೆ ಸಾಕು ಅಂತ ಮಾಡಿದ್ದು. ಬೆಳಕಿಗೆ ಹಳದಿಯಾಗಿ, ಒಣ ಹಪ್ಪಳದಂತೆ ಮುರಿಯುತ್ತದೆ. ಬಣ್ಣವೂ ಪೇಲವವಾಗುತ್ತದೆ. ನಮ್ಮ ಹುಲಿ ಮೆಟ್ಟಿಲ ಕೆಳಗೆ ಸುಖವಾಗಿರುವುದು ಇದಕ್ಕೇ. ಇದನ್ನು ಮನೆಯಾಕೆಗೆ ಹೇಳಿಲ್ಲ.

ಮಡಚಿದ ಗೆರೆ ಇದ್ದರೆ ಚಿಂತೆ ಬೇಡ. ಹೆಚ್ಚಿನ ಪೋಸ್ಟರುಗಳನ್ನು ಸಾಗಿಸುವಾಗಲೇ ಮಡಚುತ್ತಿದ್ದರು. ಮೂಲೆಯಲ್ಲಿ ಸಣ್ಣ ಸ್ಟಾಂಪ್ ಅಂಟಿದ್ದರೆ ಕೀಳಬೇಡಿ. ಫ್ರಾನ್ಸಿನಲ್ಲಿ ಪೋಸ್ಟರಿಗೆ ತೆರಿಗೆ ಇತ್ತು, ಅದು ಕಟ್ಟಿದ್ದಕ್ಕೆ ಗುರುತು. ಒಬ್ಬರು ಅದನ್ನು ಕೊಳೆ ಅಂತ ಉಗುರಿನಿಂದ ಕೆರೆಯುವುದನ್ನು ನಾನೇ ಕಂಡಿದ್ದೇನೆ.

30,000 ರೂಪಾಯಿ ಇದೆ. ಒಳ್ಳೆಯ ಇನ್ವೆಸ್ಟ್‌ಮೆಂಟ್ ಆಗುವ ಒಂದು ಪೋಸ್ಟರ್ ಹೇಳಿ. (ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು)

ಇನ್ವೆಸ್ಟ್‌ಮೆಂಟಿಗೆ ಬ್ಯಾಂಕಿಗೆ ಹೋಗಿ. ಲೊತ್ರೆಕ್ಕನ ಒಳ್ಳೆಯ ಮೂಲಾಂ ರೂಜ್ ನಿಮ್ಮೂರಿನ ಫ್ಲ್ಯಾಟಿನ ಲೆಕ್ಕದಲ್ಲಿ ಮಾರಾಟವಾಗುತ್ತದೆ. ಅದು ನಿಮಗೂ ಬೇಡ, ನನಗೂ ಬೇಡ.

ಇಷ್ಟಪಟ್ಟು ಕೊಳ್ಳುವುದಾದರೆ ಎರಡು ದಾರಿ. ಒಂದು, ‘ಮೆತ್ರ್ ದ ಲಾಫಿಶ್’ ಮಾಲೆಯ ಹಾಳೆಗಳು. 1895ರ ಡಿಸೆಂಬರಿನಿಂದ 1900ರ ನವೆಂಬರ್‌ವರೆಗೆ ಶೆರೆ ಕೆಲಸ ಮಾಡುತ್ತಿದ್ದ ಶೆ ಪ್ರೆಸ್ಸಿನವರು ಹೆಸರಾಂತ ಪೋಸ್ಟರುಗಳನ್ನು ಚಿಕ್ಕದಾಗಿ, ಸುಮಾರು 29×40 ಸೆಂಟಿಮೀಟರಿಗೆ, ಒಳ್ಳೆಯ ಕಾಗದದಲ್ಲಿ ಅಚ್ಚು ಹಾಕಿ ಚಂದಾದಾರರಿಗೆ ಕಳಿಸುತ್ತಿದ್ದರು. ತಿಂಗಳಿಗೆ ನಾಲ್ಕು ಹಾಳೆ, ನಡುನಡುವೆ ಬೋನಸ್, ಒಟ್ಟು 256. ಚಿಕ್ಕದಾದರೂ ಅದೇ ಕಾಲದ ಅಸಲಿ ಕಲ್ಲಚ್ಚು. ಬಲಗಡೆ ಕೆಳಮೂಲೆಯಲ್ಲಿ ಇಂಕಿಲ್ಲದ ಒತ್ತು ಮುದ್ರೆ ಇರುತ್ತದೆ, ಬೆರಳು ಸವರಿದರೆ ಸಿಗುತ್ತದೆ. ಅದಿಲ್ಲದಿದ್ದರೆ ಕೈ ಬಿಡಿ. ಲೊತ್ರೆಕ್, ಮೂಷ ಇಂಥ ಹೆಸರಾಂತ ಕಲಾವಿದರ ಹಾಳೆಗಳು ದುಬಾರಿ. ಹೆಸರು ಕೇಳದ ಕಲಾವಿದನ ಒಂದು ಹಾಳೆಯನ್ನು ನಾನು 90 ಯೂರೋಗೆ ಕೊಂಡೆ.

ಇನ್ನೊಂದು, 1950–60ರ ಸರ್ಕಸ್ ಪೋಸ್ಟರುಗಳು: ಪಿಂಡರ್, ಅಮಾರ್, ಬೂಗ್ಲಿಯೋನ್. ಹುಲಿ, ಆನೆ, ವಿದೂಷಕ. ಕಲಾ ಪಂಡಿತರಿಗೆ ಇವು ಅಷ್ಟಕ್ಕಷ್ಟೆ. ಹಾಗಾಗಿ ನಮ್ಮಂಥವರ ಜೇಬಿಗೆ ಸಿಗುತ್ತವೆ. ಸಾಗಿಸಲು ದಪ್ಪ ರಟ್ಟಿನ ಕೊಳವೆ ಕೇಳಿ. ಬಿಲ್ಲಿನಲ್ಲಿ ವರ್ಷ, ಅಳತೆ, ಲಿಥೋನೋ (ಕಲ್ಲಚ್ಚು) ಆಫ್‌ಸೆಟ್ಟೋ ಅಂತ ಬರೆಸಿಕೊಳ್ಳಿ. ಕಸ್ಟಮ್ಸಿನವರ ಮುಂದೆ ಆ ಒಂದು ಸಾಲು ಬಹಳ ಕೆಲಸಕ್ಕೆ ಬರುತ್ತದೆ.

ಶಾಲೆಯ ಕಲಾ ಕೊಠಡಿಗೆ ಹಳೆಯ ಫ್ರೆಂಚ್ ಪೋಸ್ಟರುಗಳ ಪ್ರಿಂಟ್ ಹಾಕುತ್ತಿದ್ದೇನೆ. ಕೆಲವುಗಳಲ್ಲಿ ಕಪ್ಪು ಜನರನ್ನು ವಿಕಾರವಾಗಿ ಬರೆದಿದ್ದಾರೆ. ಹಾಕಬಹುದೇ? (ಶಿಕ್ಷಕರು, ಧಾರವಾಡ)

ಮೇಷ್ಟ್ರೇ, ಈ ಪ್ರಶ್ನೆ ನನ್ನನ್ನು ವಾರ ಪೂರ್ತಿ ಕಾಡಿತು.

ಶೊಕೊಲಾ ಎಂಬ ಕಪ್ಪು ವರ್ಣದ ವಿದೂಷಕನಿದ್ದ. ಕ್ಯೂಬಾದಲ್ಲಿ ಗುಲಾಮನಾಗಿ ಹುಟ್ಟಿದವನು, ಹೆಸರು ರಫಾಯೆಲ್. ಪ್ಯಾರಿಸ್ಸಿನಲ್ಲಿ ನೂವೊ ಸರ್ಕ್ ಅಂತ ಒಂದು ಸರ್ಕಸ್ಸಿತ್ತು, ಅದರ ಅಖಾಡ ಸರಿದರೆ ಕೆಳಗೆ ನೀರಿನ ಕೊಳ. ಅಲ್ಲಿ ಫುಟಿಟ್ ಎಂಬ ಇಂಗ್ಲಿಷ್ ವಿದೂಷಕನ ಜೊತೆ ಅವನ ಜೋಡಿ ಬಹಳ ಪ್ರಸಿದ್ಧ. ಆಟದಲ್ಲಿ ಏಟು ತಿನ್ನುವವನು ಯಾವಾಗಲೂ ಇವನೇ. 1917ರಲ್ಲಿ ಬೋರ್ಡೋದಲ್ಲಿ ಬಡತನದಲ್ಲಿ ಸತ್ತ. ಪೋಸ್ಟರುಗಳಲ್ಲಿ ಅವನ ಮುಖ ಮುಖವಾಗಿ ಉಳಿದಿಲ್ಲ, ದಪ್ಪ ತುಟಿ ಅಷ್ಟೆ. ಪ್ಯಾರಿಸ್ಸಿನ ಜಾರ್ದಾಂ ದಾಕ್ಲಿಮತಾಸ್ಯೋಂ ತೋಟದಲ್ಲಿ 1877ರಿಂದ ಮನುಷ್ಯರನ್ನೇ ಪ್ರಾಣಿಗಳಂತೆ ಪ್ರದರ್ಶನಕ್ಕಿಟ್ಟಿದ್ದರು. 1883ರಲ್ಲಿ ಸಿಂಹಳದವರನ್ನು ತಂದರು. ಅದಕ್ಕೂ ಚಂದದ ಪೋಸ್ಟರ್ ಆಯಿತು. ಅದನ್ನು ಹೊಡೆದ ಮೆಷಿನ್ ಮ್ಯಾನ್ ರಿಜಿಸ್ಟರ್ ಸರಿಯಾಯಿತೇ ಅಂತ ಮಾತ್ರ ನೋಡಿರುತ್ತಾನೆ. ನಾನೂ ಹಾಗೆ ಎಷ್ಟೋ ಹೊಡೆದಿದ್ದೇನೆ, ಓದದೆ.

ನನ್ನ ಅಭಿಪ್ರಾಯ: ಹತ್ತು ವರ್ಷದ ಮಕ್ಕಳ ಗೋಡೆಗೆ ಅಂಥವು ಬೇಡ, ಮಕ್ಕಳು ದಿನಾ ನೋಡಿದ್ದನ್ನು ನಿಜ ಅಂದುಕೊಳ್ಳುತ್ತಾರೆ. ದೊಡ್ಡ ತರಗತಿಯಲ್ಲಿ ಹಾಕದೆ ಕೈಯಲ್ಲಿ ಹಿಡಿದು ಮಾತಾಡಿ. ಗೋಡೆಗೆ ಬೇಕಾದರೆ ಚಿತ್ರಕಾರ ದೆಗಾ 1879ರಲ್ಲಿ ಬರೆದ ‘ಮಿಸ್ ಲಾಲಾ’ ವರ್ಣಚಿತ್ರದ ಪ್ರಿಂಟ್ ಹಾಕಿ. ಪ್ಯಾರಿಸ್ಸಿನ ಸರ್ಕ್ ಫೆರ್ನಾಂದೊ ಎಂಬ ಸರ್ಕಸ್ಸಿನ ಚಾವಣಿಗೆ ಹಲ್ಲಿನಿಂದ ಹಗ್ಗ ಕಚ್ಚಿ ಏರುತ್ತಿರುವ ಕಪ್ಪು ವರ್ಣದ ಹೆಂಗಸು. ಅದು ಪೋಸ್ಟರ್ ಅಲ್ಲ, ಆದರೆ ಅದೇ ಕಾಲ, ಅದೇ ಸರ್ಕಸ್ ಲೋಕ. ಅದರಲ್ಲಿ ಅವಳ ಬಲ ಕಾಣುತ್ತದೆ. ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ ಗ್ಯಾಲಿಕಾ ತಾಣದಲ್ಲಿ ಹಳೆಯ ಪೋಸ್ಟರುಗಳು ಬೇಕಾದಷ್ಟಿವೆ, ನೋಡಲು ದುಡ್ಡಿಲ್ಲ.

ನಮ್ಮ ತಾತ ನಾಟಕ ಕಂಪನಿಯಲ್ಲಿ ಪೋಸ್ಟರ್ ಹಚ್ಚುತ್ತಿದ್ದರು. ಟ್ರಂಕಿನಲ್ಲಿ ಆರು ಹಳೆಯ ವಾಲ್‌ಪೋಸ್ಟರ್ ಸಿಕ್ಕಿವೆ. ಕೆಳಗಿನ ಪಟ್ಟಿ ಹರಿದು ಗಲೀಜಾಗಿದೆ. ಅದನ್ನು ಕತ್ತರಿಸಿ ಫ್ರೇಮ್ ಹಾಕಿಸಲೇ? (ಓದುಗರು, ಗದಗ)

ಕತ್ತರಿಯನ್ನು ಪಕ್ಕದ ಮನೆಗೆ ಕೊಟ್ಟುಬನ್ನಿ ತಂಗಿ.

ಆ ಪಟ್ಟಿಯಲ್ಲೇ ಅಲ್ವಾ ಊರಿನ ಹೆಸರಿರುವುದು? ನಾಯಕಿಯ ಮುಖ ಎಲ್ಲ ಪ್ರತಿಗಳಲ್ಲೂ ಒಂದೇ. ಯಾವ ಊರಿನ ಜಾತ್ರೆ, ಯಾವ ವಾರ, ಟಿಕೆಟ್ಟಿಗೆ ಎಷ್ಟು, ಅದೆಲ್ಲ ಕೆಳಗಿನ ಹರಿದ ಪಟ್ಟಿಯಲ್ಲಿದೆ. ಮಡಿಕೆಗಳನ್ನು ಬಲವಂತವಾಗಿ ಬಿಡಿಸಬೇಡಿ. ಟ್ರಂಕಿನಿಂದ ತೆಗೆದು, ತೊಳೆದ ಬಿಳಿ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ, ನೆರಳಿನಲ್ಲಿ ಮಲಗಿಸಿಡಿ. ನುಸಿಗುಳಿಗೆ ಕಾಗದಕ್ಕೆ ತಾಗದಿರಲಿ.

ಆರೂ ಪಟ್ಟಿಗಳ ಫೋಟೋ ತೆಗೆದು ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಪ್ರೆಸ್ಸಿನ ಹೆಸರಿದ್ದರೆ ಅದರದ್ದೂ ಒಂದು. ಅದರಲ್ಲಿ ನಾವು ಹೊಡೆದದ್ದು ಒಂದಾದರೂ ಇರಬಹುದು.